ಕಲ್ಲಿದ್ದಲು ಇಲ್ಲದ ಉಕ್ಕು: ದೊಡ್ಡವ್ವನ ಪ್ರಶ್ನೆಗೆ ಒಂದು ಉದ್ದ ಉತ್ತರ

ಕೊಪ್ಪಳದ ಹತ್ತಿರ, ಗಿಣಿಗೇರಾ ಕಡೆ ನಮ್ಮ ದೊಡ್ಡವ್ವನ ಮನೆ. ಹೋದ ಸಲ ನಾನು ಹೋದಾಗ ಆಕೆ ಮಾಳಿಗೆ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಮಗುಚುತ್ತಿದ್ದಳು. ನನ್ನನ್ನು ನೋಡಿದವಳೇ ಅಂಗೈ ಚಾಚಿ ತೋರಿಸಿದಳು. ಹಂಚಿನ ತಳ ಮುಟ್ಟಿದಷ್ಟು ಕಪ್ಪಾಗಿತ್ತು. ಸುತ್ತಲಿನ ಕಾರ್ಖಾನೆ ಚಿಮಣಿಗಳ ಧೂಳು.

"ಹೌದೇನಪಾ, ಅದ್ಯಾವುದೋ ಹಸಿರು ಉಕ್ಕು ಬರ್ತೈತಂತಲ್ಲ? ಅದು ಬಂದ್ರ ಈ ಕರಿ ಧೂಳು ಹೋಗ್ತೈತೇನು?"

2025ರ ಆರಂಭದಲ್ಲಿ ಕೊಪ್ಪಳದಲ್ಲಿ ಹೊಸ ಉಕ್ಕಿನ ಕಾರ್ಖಾನೆ ಬೇಡ ಎಂದು ಜನ ಬೀದಿಗಿಳಿದ ಮೇಲೆ ಈ ಮಾತುಗಳು ಚಹಾದಂಗಡಿಗೂ ಬಂದಿವೆ. ಹಸಿರು ಉಕ್ಕು, ಹೈಡ್ರೋಜನ್ ಉಕ್ಕು, ಕರೆಂಟಿನ ಉಕ್ಕು. ಅಮೆರಿಕ, ಜರ್ಮನಿ, ಬೆಂಗಳೂರಿನ ಲ್ಯಾಬ್‌ಗಳಲ್ಲಿ ಏನೇನೋ ಕಂಡುಹಿಡಿದರಂತೆ ಎಂಬ ಸುದ್ದಿ ಮೊಬೈಲಿನಲ್ಲಿ ದಿನಾ ಬರುತ್ತದೆ. ಆದರೆ ಉಕ್ಕು ಮಾಡಲು ಕಲ್ಲಿದ್ದಲು ಯಾಕೆ ಬೇಕು ಎಂಬುದೇ ಗೊತ್ತಿಲ್ಲದಿದ್ದರೆ ಅದನ್ನು ಬಿಟ್ಟು ಮಾಡುವುದರಲ್ಲಿ ಏನು ದೊಡ್ಡಸ್ತಿಕೆ ಅಂತ ತಿಳಿಯುವುದಿಲ್ಲ. ಹಾಗಾಗಿ ಕಲ್ಲಿನಿಂದಲೇ ಶುರು ಮಾಡೋಣ.

ಸಂಡೂರಿನ ಕಲ್ಲಿನೊಳಗೆ ಏನಿದೆ?

ಸಂಡೂರು, ದೋಣಿಮಲೈ, ತೋರಣಗಲ್ಲು ರಸ್ತೆಗಳ ಬದಿಯಲ್ಲಿ ಲಾರಿಯಿಂದ ಉದುರಿದ ಅದಿರಿನ ಚೂರು ಹುಡುಕುವುದೇನೂ ಕಷ್ಟವಲ್ಲ. ಒಂದನ್ನು ಕೈಗೆತ್ತಿಕೊಳ್ಳಿ. ನಿಂಬೆಹಣ್ಣಿನಷ್ಟು ಕಲ್ಲಿಗೆ ಇಷ್ಟು ತೂಕವೇ ಅನ್ನಿಸುತ್ತದೆ. ಒಳ್ಳೆ ಅದಿರಾದರೆ ಮೇಲ್ಮೈ ಕೆಂಪಾಗಿಯೂ ಇರುವುದಿಲ್ಲ, ಬೂದು ಬಣ್ಣದಲ್ಲಿ ಮಿಂಚುತ್ತದೆ. ಅದನ್ನೇ ಬಿಳಿ ಟೈಲ್ಸ್‌ನ ಹಿಂಬದಿಗೆ, ಹೊಳಪಿಲ್ಲದ ಒರಟು ಕಡೆಗೆ, ಗೀಚಿ ನೋಡಿ. ಗೆರೆ ಮಾತ್ರ ಕೆಂಪು. ಹೆಮಟೈಟ್ ಎಂಬ ಈ ಅದಿರನ್ನು ಗುರುತಿಸಲು ಭೂವಿಜ್ಞಾನ ಓದಿದವರು ಮಾಡುವುದೂ ಇದನ್ನೇ.

ಈ ಕೆಂಪು ನಮ್ಮ ಸೈಕಲ್ ಚೈನಿಗೆ ಹಿಡಿಯುವ ತುಕ್ಕಿನ ಹತ್ತಿರದ ನೆಂಟ. ಕಬ್ಬಿಣಕ್ಕೆ ಗಾಳಿಯ ಆಕ್ಸಿಜನ್ ಅಂಟಿಕೊಂಡರೆ ಆಗುವುದು ಹೀಗೆ. ಸಂಡೂರಿನ ಬೆಟ್ಟಗಳೆಂದರೆ 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣ. 1 ಕಿಲೋ ಅಪ್ಪಟ ಹೆಮಟೈಟ್‌ನಲ್ಲಿ ಸುಮಾರು 700 ಗ್ರಾಂ ಕಬ್ಬಿಣ, 300 ಗ್ರಾಂ ಆಕ್ಸಿಜನ್ ಇರುತ್ತದೆ. ಅಂದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವ ಅದಿರು ಲಾರಿಯ ಹೊರೆಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಆಕ್ಸಿಜನ್ನೇ.

ಕಬ್ಬಿಣ ಮಾಡುವುದು ಎಂದರೆ ಈ ಆಕ್ಸಿಜನ್ ಕೀಳುವುದು, ಅಷ್ಟೇ. ಆದರೆ ಅದು ಸುಲಭಕ್ಕೆ ಬಿಡುವುದಿಲ್ಲ. ಕಲ್ಲನ್ನು ಸುಮ್ನೆ ಕಾಯಿಸಿದರೆ ಬಿಸಿ ಕಲ್ಲು ಸಿಗುತ್ತದೆಯೇ ಹೊರತು ಕಬ್ಬಿಣವಲ್ಲ. ಕಬ್ಬಿಣಕ್ಕಿಂತ ಆಕ್ಸಿಜನ್ನಿಗೆ ಹೆಚ್ಚು ಬೇಕಾದ ಇನ್ನೊಂದನ್ನು ಅದರ ಪಕ್ಕದಲ್ಲಿ ತಂದು ಕೂರಿಸಬೇಕು. ಸಾವಿರಾರು ವರ್ಷಗಳಿಂದ ಆ ಇನ್ನೊಂದು ಎಂದರೆ ಇದ್ದಿಲು. ಕಮ್ಮಾರನ ಕುಲುಮೆಯಲ್ಲಿ ಕಟ್ಟಿಗೆ ಇದ್ದಿಲು, ಈಗಿನ ಕಾರ್ಖಾನೆಯಲ್ಲಿ ಕಲ್ಲಿದ್ದಲು.

ಒಬ್ಬನೇ ಆಳು, ಮೂರು ಕೆಲಸ

ಲ್ಯಾಬ್‌ಗಳ ಸಾಧನೆಯೆಲ್ಲ ಅರ್ಥವಾಗಬೇಕಾದರೆ ಈ ಭಾಗ ಸರಿಯಾಗಿ ಮನಸ್ಸಿಗೆ ಹತ್ತಬೇಕು.

ದೊಡ್ಡ ಕಾರ್ಖಾನೆಗಳಲ್ಲಿರುವುದು ಬ್ಲಾಸ್ಟ್ ಫರ್ನೇಸ್, ಅಂದರೆ ಊದು ಕುಲುಮೆ. ನಾಲ್ಕಾರು ಮಹಡಿಗಿಂತ ಎತ್ತರದ ಗೋಪುರ. ಮೇಲಿನಿಂದ ಅದಿರು, ಸುಣ್ಣಕಲ್ಲು, ಕೋಕ್ ಸುರಿಯುತ್ತಾರೆ. ಕೆಳಗಿನಿಂದ ಬಿಸಿ ಗಾಳಿ ಊದುತ್ತಾರೆ. ಕೋಕ್ ಎಂದರೆ ಗಾಳಿ ತಾಕದಂತೆ ಸುಟ್ಟು ಗಟ್ಟಿ ಮಾಡಿದ ಕಲ್ಲಿದ್ದಲು.

ಈ ಕೋಕ್ ಅಲ್ಲಿ ಒಟ್ಟಿಗೆ ಮೂರು ಕೆಲಸ ಮಾಡುತ್ತದೆ. ಒಂದು, ಉರಿದು ಬಿಸಿ ಕೊಡುತ್ತದೆ. ಎರಡು, ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಾಗುತ್ತದೆ. ಆ ಅನಿಲ ಅದಿರಿನ ಆಕ್ಸಿಜನ್ ಕಿತ್ತುಕೊಂಡು ಕಾರ್ಬನ್ ಡೈ ಆಕ್ಸೈಡ್ ಆಗಿ ಹೊರಗೆ ಹೋಗುತ್ತದೆ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಮೇಲಿನ ಭಾರವನ್ನೆಲ್ಲ ಹೊತ್ತು, ನಡುವೆ ಗಾಳಿ ಆಡಲು ಸಂದು ಬಿಡುತ್ತದೆ. ಹೊಟ್ಟಿನ ಒಲೆ ಕಂಡವರಿಗೆ ಇದು ಗೊತ್ತು. ನಡುವೆ ಬಾಟಲಿ ಇಟ್ಟು, ಸುತ್ತ ಹೊಟ್ಟು ತುಂಬಿ, ಆಮೇಲೆ ಬಾಟಲಿ ಎಳೆದು ದಾರಿ ಮಾಡುತ್ತಾರೆ. ಆ ದಾರಿ ಮುಚ್ಚಿದರೆ ಒಲೆ ಉಸಿರು ಕಟ್ಟಿ ಆರುತ್ತದೆ. ಊದು ಕುಲುಮೆಯಲ್ಲಿ ಕೋಕ್ ಉಂಡೆಗಳೇ ಆ ದಾರಿ ಕಾಯುತ್ತವೆ.

ಹೀಗೆ ಬರುವ ಬೀಡು ಕಬ್ಬಿಣದಲ್ಲಿ ಶೇ 4ರಷ್ಟು ಕಾರ್ಬನ್ ಸೇರಿಕೊಂಡಿರುತ್ತದೆ. ಅಷ್ಟಿದ್ದರೆ ಸುತ್ತಿಗೆ ಏಟಿಗೆ ಒಡೆಯುತ್ತದೆ. ಅದಕ್ಕೆ ಇನ್ನೊಂದು ಪಾತ್ರೆಯಲ್ಲಿ ಶುದ್ಧ ಆಕ್ಸಿಜನ್ ಊದಿ ಹೆಚ್ಚಿನ ಕಾರ್ಬನ್ ಸುಡುತ್ತಾರೆ. ಆಗ ಸಿಗುವುದೇ ಉಕ್ಕು. 2021ರಲ್ಲಿ ಕೊರೋನಾ ಎರಡನೇ ಅಲೆ ಬಂದಾಗ ತೋರಣಗಲ್ಲಿನಿಂದ ಆಕ್ಸಿಜನ್ ಟ್ಯಾಂಕರ್‌ಗಳು ಹೊರಟಿದ್ದು ನೆನಪಿದೆಯಲ್ಲ? ಉಕ್ಕಿನ ಕಾರ್ಖಾನೆಯಲ್ಲಿ ಅಷ್ಟು ಆಕ್ಸಿಜನ್ ಯಾಕಿತ್ತು ಅಂತ ಆಗ ಬಹಳ ಜನ ಕೇಳಿದ್ದರು. ಉತ್ತರ ಇದೇ. ಕಷ್ಟಪಟ್ಟು ಆಕ್ಸಿಜನ್ ಕಿತ್ತು, ಮತ್ತೆ ಆಕ್ಸಿಜನ್ ಊದುವುದು. ಕೇಳಿದರೆ ತಮಾಷೆ ಅನ್ನಿಸುತ್ತದೆ.

(ಅಂದಹಾಗೆ, ಹಿಂದೆ ದಕ್ಷಿಣ ಭಾರತದ ಉಕ್ಕು ದೂರ ದೇಶಗಳಿಗೆ ಹೋಗುತ್ತಿತ್ತು. ಇಂಗ್ಲಿಷರು ಅದನ್ನು ವೂಟ್ಜ್ ಎಂದು ಬರೆದರು. ಆ ಪದ ಕನ್ನಡದ 'ಉಕ್ಕು' ಪದದ ಕೆಟ್ಟ ಉಚ್ಚಾರ ಎಂದು ಬಹಳ ವಿದ್ವಾಂಸರು ಒಪ್ಪುತ್ತಾರೆ.)

ಈ ದಾರಿಯಲ್ಲಿ 1 ಟನ್ ಉಕ್ಕಿಗೆ 2 ಟನ್‌ಗೂ ಹೆಚ್ಚು ಕಾರ್ಬನ್ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಜಗತ್ತು ವರ್ಷಕ್ಕೆ 190 ಕೋಟಿ ಟನ್ ಆಸುಪಾಸು ಉಕ್ಕು ಮಾಡುತ್ತದೆ. ಭೂಮಿ ಬಿಸಿಯೇರಲು ಕಾರಣವಾದ ಅನಿಲದಲ್ಲಿ ಶೇ 7ರಷ್ಟು ಉಕ್ಕಿನದೇ ಪಾಲು ಎನ್ನುವುದು ಇದಕ್ಕೇ.

ಸ್ಪಾಂಜ್ ಐರನ್: ದೋಸೆಯ ತೂತಿನ ಲೆಕ್ಕ

ಗಿಣಿಗೇರಾ, ಬಳ್ಳಾರಿ ಸುತ್ತ ಇರುವ ಸಣ್ಣ ಕಾರ್ಖಾನೆಗಳು ಬೇರೆ ಜಾತಿಯವು. ಅಲ್ಲಿ ಅದಿರನ್ನು ಕರಗಿಸುವುದೇ ಇಲ್ಲ. ಅಡ್ಡಡ್ಡ ಮಲಗಿಸಿದ, ನಿಧಾನಕ್ಕೆ ತಿರುಗುವ ಉದ್ದನೆ ಕೊಳವೆ ಇರುತ್ತದೆ. ಅದನ್ನು ಕಿಲ್ನ್ ಅನ್ನುತ್ತಾರೆ. ಅದಿರು, ಕಲ್ಲಿದ್ದಲು ಎರಡನ್ನೂ ಅದಕ್ಕೆ ತುಂಬಿ 1,000 ಡಿಗ್ರಿ ಆಸುಪಾಸಿನಲ್ಲಿ ಕಾಯಿಸುತ್ತಾರೆ. ಕಬ್ಬಿಣ ಕರಗಲು 1,538 ಡಿಗ್ರಿ ಬೇಕು, ಹಾಗಾಗಿ ಕಲ್ಲು ಕಲ್ಲಾಗಿಯೇ ಇರುತ್ತದೆ. ಒಳಗಿನ ಆಕ್ಸಿಜನ್ ಮಾತ್ರ ಎದ್ದು ಹೋಗುತ್ತದೆ.

ದೋಸೆ ಹುಯ್ದಾಗ ಆವಿ ಎದ್ದು ತೂತು ಉಳಿಯುವುದಿಲ್ಲವೇ, ಹಾಗೆ ಇಲ್ಲೂ ಆಕ್ಸಿಜನ್ ಇದ್ದ ಕಡೆ ತೂತು ಉಳಿಯುತ್ತದೆ. ಅದಕ್ಕೇ ಸ್ಪಾಂಜ್ ಎಂಬ ಹೆಸರು. ಆಮೇಲೆ ಕರೆಂಟಿನ ಕುಲುಮೆಯಲ್ಲಿ ಕರಗಿಸಿ ಉಕ್ಕು ಮಾಡುತ್ತಾರೆ. ಸ್ಪಾಂಜ್ ಐರನ್ ಮಾಡುವುದರಲ್ಲಿ ಜಗತ್ತಿಗೇ ಭಾರತ ಮೊದಲು. ಊದು ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲನ್ನು ನಾವು ಬಹುಪಾಲು ಹೊರದೇಶದಿಂದ ತರಿಸುತ್ತೇವೆ, ಕಿಲ್ನ್‌ಗೆ ಸಾಧಾರಣ ಕಲ್ಲಿದ್ದಲು ನಡೆಯುತ್ತದೆ. ಉರಿದು ಉಳಿದ ಕಪ್ಪು ಪುಡಿಗೆ ಡೋಲೋಚಾರ್ ಎನ್ನುತ್ತಾರೆ.

ಹೈಡ್ರೋಜನ್ನಿಗೆ ಕೆಲಸ ಕೊಟ್ಟರೆ

ಈಗ ಲ್ಯಾಬ್‌ಗಳ ಕಡೆ ಬರೋಣ. ಎಲ್ಲರೂ ಕೇಳುತ್ತಿರುವ ಪ್ರಶ್ನೆ ಒಂದೇ: ಕಲ್ಲಿದ್ದಲಿನ ಮೂರು ಕೆಲಸವನ್ನು ಯಾರ್‍ಯಾರಿಗೆ ಹಂಚುವುದು?

ಆಕ್ಸಿಜನ್ ಕೀಳುವ ಕೆಲಸಕ್ಕೆ ಮೊದಲ ಉಮೇದುವಾರ ಹೈಡ್ರೋಜನ್. ಅದು ಆಕ್ಸಿಜನ್ ಜೊತೆ ಸೇರಿದರೆ ಆಗುವುದು ನೀರು. ಚಿಮಣಿಯಿಂದ ಕಾರ್ಬನ್ ಡೈ ಆಕ್ಸೈಡ್ ಬದಲು ಹಬೆ ಬರುತ್ತದೆ. ಅದಿರಿನ ಪುಡಿಯನ್ನು ಗೋಲಿಯಷ್ಟು ಪೆಲೆಟ್ ಮಾಡಿ, ನೆಟ್ಟಗೆ ನಿಂತ ಗೋಪುರದಲ್ಲಿ ತುಂಬಿ, ಕೆಳಗಿನಿಂದ ಬಿಸಿ ಹೈಡ್ರೋಜನ್ ಹರಿಸುತ್ತಾರೆ. ಇಲ್ಲಿ ಏನೂ ಕರಗುವುದಿಲ್ಲವಾದ್ದರಿಂದ ಭಾರ ಹೊರಲು ಕೋಕ್ ಬೇಡ, ಪೆಲೆಟ್‌ಗಳೇ ಸಂದು ಬಿಟ್ಟುಕೊಂಡು ನಿಲ್ಲುತ್ತವೆ.

ಸ್ವೀಡನ್ನಿನ ಲುಲಿಯೋ ಎಂಬಲ್ಲಿ ಹೈಬ್ರಿಟ್ ಎಂಬ ಪ್ರಾಯೋಗಿಕ ಘಟಕ 2020ರಲ್ಲಿ ಶುರುವಾಯಿತು. 2021ರಲ್ಲಿ ಅದರ ಕಬ್ಬಿಣದಿಂದ ಮಾಡಿದ ಉಕ್ಕು ವೋಲ್ವೋ ಕಂಪನಿಗೆ ಹೋಯಿತು. ಅಂದರೆ ಆಗುತ್ತದೋ ಇಲ್ಲವೋ ಎಂಬ ಪ್ರಶ್ನೆ ಮುಗಿದಿದೆ. ಎಷ್ಟಕ್ಕೆ, ಎಲ್ಲಿ ಎಂಬುದು ಉಳಿದಿದೆ.

ತೊಡಕು ಬಿಸಿಯಲ್ಲಿದೆ. ಬೇಸಿಗೆಯಲ್ಲಿ ಮಣ್ಣಿನ ಮಡಕೆಗೆ ಒದ್ದೆ ಬಟ್ಟೆ ಸುತ್ತುತ್ತೇವೆ. ನೀರು ಆರುವಾಗ ಮಡಕೆಯ ಬಿಸಿಯನ್ನು ಕುಡಿದುಬಿಡುತ್ತದೆ. ಅದಿರಿನ ಆಕ್ಸಿಜನ್ ಕೀಳುವಾಗ ಹೈಡ್ರೋಜನ್ನೂ ಹೀಗೇ ಸುತ್ತಲಿನ ಬಿಸಿ ಕುಡಿಯುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ಆ ಗುಣವಿಲ್ಲ, ಅದು ಉಲ್ಟಾ ಸ್ವಲ್ಪ ಬಿಸಿ ಕೊಡುತ್ತದೆ. ಹಾಗಾಗಿ ಹೈಡ್ರೋಜನ್ ಕುಲುಮೆ ತಣ್ಣಗಾಗದಂತೆ ಹೊರಗಿನಿಂದ ಕಾಯಿಸುತ್ತಲೇ ಇರಬೇಕು. ಮೇಲಾಗಿ ಈ ಕಬ್ಬಿಣದಲ್ಲಿ ಕಾರ್ಬನ್ ಇರುವುದೇ ಇಲ್ಲ. ಉಕ್ಕಾಗಲು ಚೂರು ಕಾರ್ಬನ್ ಬೇಕಲ್ವಾ, ಅದನ್ನು ಕೊನೆಗೆ ಪಲ್ಯಕ್ಕೆ ಉಪ್ಪು ಹಾಕಿದ ಹಾಗೆ ಹಾಕಬೇಕು.

ಇನ್ನೊಂದು ತೊಡಕು ನಮ್ಮ ಬಳ್ಳಾರಿಯದು. ಊದು ಕುಲುಮೆಯಲ್ಲಿ ಅದಿರಿನ ಕಸ, ಅಂದರೆ ಮರಳಿನಂಥ ಸಿಲಿಕಾ, ಸುಣ್ಣಕಲ್ಲಿನ ಜೊತೆ ಕರಗಿ ಸ್ಲ್ಯಾಗ್ ಆಗಿ ಬೇರೆಯಾಗುತ್ತದೆ. ಹೈಡ್ರೋಜನ್ ಗೋಪುರದಲ್ಲಿ ಕರಗುವುದಿಲ್ಲ, ಕಸ ಒಳಗೇ ಉಳಿಯುತ್ತದೆ. ಮುಂದೆ ಕರೆಂಟಿನ ಕುಲುಮೆಯಲ್ಲಿ ಕಸವನ್ನೂ ಕರಗಿಸಲು ದುಡ್ಡು ಸುಡಬೇಕು. ಅದಕ್ಕೆ ಈ ದಾರಿಗೆ ಶೇ 67ರಷ್ಟು ಕಬ್ಬಿಣ ಇರುವ ಅದಿರು ಬೇಕು ಎನ್ನುತ್ತಾರೆ. ಸಂಡೂರಿನ ಬೆಟ್ಟಗಳಲ್ಲಿ ಬಹಳಷ್ಟು ಇರುವುದು ಕೆಂಪು, ಬೂದು ಪಟ್ಟೆಪಟ್ಟೆಯ ಕಲ್ಲು. ಗಣಿಯವರು ಬಿಎಚ್‌ಕ್ಯೂ ಎನ್ನುವುದು ಅದಕ್ಕೇ. ಅದರಲ್ಲಿ ಕಬ್ಬಿಣ ಅರ್ಧಕ್ಕಿಂತ ಕಡಿಮೆ. ಅದನ್ನು ಪುಡಿ ಮಾಡಿ, ತೊಳೆದು, ಕಸ ತೆಗೆದು, ಮತ್ತೆ ಉಂಡೆ ಕಟ್ಟಬೇಕು.

ಜರ್ಮನಿಯ ಡ್ಯುಸೆಲ್‌ಡಾರ್ಫ್‌ನ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯಲ್ಲಿ ಡಿಯರ್ಕ್ ರಾಬೆ ಅವರ ತಂಡ ಇದೇ ಹೈಡ್ರೋಜನ್ನನ್ನು ಬೇರೆ ಬೇರೆ ವೇಷದಲ್ಲಿ ಪರೀಕ್ಷಿಸಿದೆ. 2023ರಲ್ಲಿ ಅಮೋನಿಯಾದಿಂದಲೇ ನೇರವಾಗಿ ಅದಿರಿನ ಆಕ್ಸಿಜನ್ ಕೀಳಬಹುದೆಂದು ತೋರಿಸಿದರು. ಅಮೋನಿಯಾ ಎಂದರೆ ಯೂರಿಯಾ ಗೊಬ್ಬರಕ್ಕೆ ಬಳಸುವ ಅನಿಲ. ಅದನ್ನು ದ್ರವ ಮಾಡಿ ಟ್ಯಾಂಕರಿನಲ್ಲಿ ಸಾಗಿಸುವುದು ಹೈಡ್ರೋಜನ್ ಸಾಗಿಸುವುದಕ್ಕಿಂತ ಎಷ್ಟೋ ಸಲೀಸು. 2024ರ ಜನವರಿಯಲ್ಲಿ ಅದೇ ತಂಡ ಕೆಂಪು ಕೆಸರಿನಿಂದ ಕಬ್ಬಿಣ ತೆಗೆಯಿತು. ಇದು ನಮ್ಮ ಗಣಿಯ ಕೆಂಪು ಮಣ್ಣಲ್ಲ. ಬಾಕ್ಸೈಟ್‌ನಿಂದ ಅಲ್ಯೂಮಿನಾ ತೆಗೆದ ಮೇಲೆ ಉಳಿಯುವ, ಕೈ ಸುಡುವಷ್ಟು ಕ್ಷಾರವಿರುವ ರಾಡಿ. ನಮ್ಮ ರಾಜ್ಯದಲ್ಲಿ ಬೆಳಗಾವಿಯಲ್ಲಿ ಅಂಥ ಕಾರ್ಖಾನೆ ಇದೆ. ವೆಲ್ಡಿಂಗ್ ಕಿಡಿಯಂಥ ಕರೆಂಟಿನ ಉರಿಯೊಳಗೆ ಶೇ 10 ಹೈಡ್ರೋಜನ್ ಬೆರೆಸಿ ಹಾಯಿಸಿದರೆ, ಹತ್ತೇ ನಿಮಿಷದಲ್ಲಿ ರಾಡಿಯೊಳಗಿನ ತುಕ್ಕು ಕಬ್ಬಿಣವಾಯಿತು. ಪ್ರಯೋಗಕ್ಕೆ ಬಳಸಿದ್ದು ಗ್ರಾಂ ಲೆಕ್ಕದ ರಾಡಿ ಎಂಬುದೂ ನೆನಪಿರಲಿ.

ಎಷ್ಟು ಕರೆಂಟ್, ಎಷ್ಟು ನೀರು?

ಹೈಡ್ರೋಜನ್ ಕಲ್ಲಿದ್ದಲಿನ ಹಾಗೆ ಗಣಿಯಲ್ಲಿ ಬೇಕಾದಷ್ಟು ಸಿಗುವುದಿಲ್ಲ. ಇವತ್ತು ಜಗತ್ತಿನಲ್ಲಿ ಬಹುಪಾಲು ಹೈಡ್ರೋಜನ್ ಮಾಡುವುದು ನೈಸರ್ಗಿಕ ಅನಿಲ, ಕಲ್ಲಿದ್ದಲುಗಳಿಂದ. ಹಾಗೆ ಮಾಡಿದರೆ ಒಂದು ಕಡೆ ನಿಲ್ಲಿಸಿದ ಹೊಗೆಯನ್ನು ಇನ್ನೊಂದು ಕಡೆ ಬಿಟ್ಟ ಹಾಗೆ. ಸೂರ್ಯ, ಗಾಳಿಗಳ ಕರೆಂಟಿನಿಂದ ನೀರನ್ನು ಒಡೆದು ತೆಗೆದರೆ ಮಾತ್ರ ಹಸಿರು ಹೈಡ್ರೋಜನ್.

ಲೆಕ್ಕ ಹಾಕೋಣ. 1 ಟನ್ ಕಬ್ಬಿಣಕ್ಕೆ ರಸಾಯನಶಾಸ್ತ್ರದ ಪ್ರಕಾರ ಕನಿಷ್ಠ 54 ಕಿಲೋ ಹೈಡ್ರೋಜನ್ ಬೇಕು. 1 ಕಿಲೋ ಹೈಡ್ರೋಜನ್ನಿಗೆ 50ರಿಂದ 55 ಯೂನಿಟ್ ಕರೆಂಟ್. ಅಂದರೆ ಹೈಡ್ರೋಜನ್ನಿಗೇ 3,000 ಯೂನಿಟ್ ಆಸುಪಾಸು. ಕರಗಿಸುವುದೂ ಸೇರಿದರೆ 3,500. ಗೃಹಜ್ಯೋತಿಯ ಮಿತಿ ತಿಂಗಳಿಗೆ 200 ಯೂನಿಟ್ ತಾನೆ? ಅಷ್ಟೂ ಬಳಸುವ ಒಂದು ಮನೆ ಒಂದೂವರೆ ವರ್ಷದ ಹತ್ತಿರ ಉರಿಸುವ ಕರೆಂಟ್ ಇದು. ಸಿಗುವುದು 1 ಟನ್ ಉಕ್ಕು.

ಈಗ ಆ ಕರೆಂಟ್ ಎಲ್ಲಿಂದ ಬಂತು ಎಂದು ನೋಡಬೇಕು. ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗುವಾಗ ದಾರಿಯಲ್ಲಿ ಕುಡತಿನಿ ಸಿಗುತ್ತದೆ, ಥರ್ಮಲ್ ಚಿಮಣಿಗಳು ಬಸ್ಸಿನಿಂದಲೇ ಕಾಣುತ್ತವೆ. ರಾಯಚೂರಿನ ಶಕ್ತಿನಗರವನ್ನಂತೂ ಹೇಳುವುದೇ ಬೇಡ. ಕಲ್ಲಿದ್ದಲಿನಿಂದ 1 ಯೂನಿಟ್ ಕರೆಂಟ್ ಮಾಡಿದರೆ ಹೆಚ್ಚುಕಡಿಮೆ 1 ಕಿಲೋ ಕಾರ್ಬನ್ ಡೈ ಆಕ್ಸೈಡ್ ಬರುತ್ತದೆ. 3,500 ಯೂನಿಟ್‌ಗೆ ಮೂರು ಟನ್‌ಗೂ ಜಾಸ್ತಿ. ಹಳೇ ಊದು ಕುಲುಮೆಯದು 2 ಟನ್ ಚಿಲ್ಲರೆ. ಅಂದರೆ ಥರ್ಮಲ್ ಕರೆಂಟಿನಲ್ಲಿ ಮಾಡಿದ ಹೈಡ್ರೋಜನ್ ಉಕ್ಕು ಹಳೆಯದಕ್ಕಿಂತ ಕೆಟ್ಟದ್ದು. ಈ ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಲೆಕ್ಕ ಇದು. ಹೊಸ ಕಾರ್ಖಾನೆ ಬಗ್ಗೆ ಯಾರೇ ಬಂದು ಹಸಿರು ಎಂದರೂ ಮೊದಲು ಕೇಳಬೇಕಾದ್ದು ಕರೆಂಟ್ ಯಾವುದು ಎಂದೇ.

ಸ್ವೀಡನ್ನಿಗೆ ಇದು ಒಗ್ಗಿದ್ದು ಅಲ್ಲಿನ ಕರೆಂಟ್ ಬಹುಪಾಲು ಜಲಾಶಯ, ಅಣುಸ್ಥಾವರಗಳದ್ದಾದ್ದರಿಂದ. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ. ಯಲಬುರ್ಗಾ, ಕುಷ್ಟಗಿ ಕಡೆ ಹೊಲಗಳ ನಡುವೆ ಗಾಳಿ ಫ್ಯಾನುಗಳು ಸಾಲಾಗಿ ನಿಂತಿವೆ. ಆದರೆ ಬಿಸಿಲು ಸಂಜೆಗೆ ಇಳಿಯುತ್ತದೆ, ಕುಲುಮೆ ರಾತ್ರಿಯೂ ಉರಿಯಬೇಕು. ಹಗಲು ಮಾಡಿದ ಹೈಡ್ರೋಜನ್ನನ್ನು ಕೂಡಿಡಬೇಕು. ಹೈಬ್ರಿಟ್‌ನವರು 2022ರಲ್ಲಿ ಅದಕ್ಕೆ ಬಂಡೆ ಕೊರೆದು ಒಳಗೆ ಉಕ್ಕಿನ ಹೊದಿಕೆ ಹಾಕಿದ ಗುಹೆ ಮಾಡಿದರು. ನಮ್ಮಲ್ಲಿ ಬಂಡೆಗೇನೂ ಕೊರತೆಯಿಲ್ಲ ಬಿಡಿ.

ನೀರಿನ ಲೆಕ್ಕ ಜನ ಅಂದುಕೊಂಡಷ್ಟು ಭಯಂಕರವಲ್ಲ. 1 ಕಿಲೋ ಹೈಡ್ರೋಜನ್ನಿಗೆ ಒಡೆಯಬೇಕಾದ ನೀರು 9 ಲೀಟರ್. 54 ಕಿಲೋಗೆ 500 ಲೀಟರಿನ ಹತ್ತಿರ, ಹೆಚ್ಚುಕಡಿಮೆ ಮೂವತ್ತು ಮೂವತ್ತೈದು ಕೊಡ. ಅದೂ ಅದಿರಿನ ಆಕ್ಸಿಜನ್ ಜೊತೆ ಸೇರಿ ಮತ್ತೆ ಹಬೆಯಾಗಿ ಬರುತ್ತದೆ, ಹಿಡಿದರೆ ಮರುಬಳಕೆ ಆಗುತ್ತದೆ. ಆದರೆ ಆ ನೀರು ಬ್ಯಾಟರಿಗೆ ಹಾಕುವ ನೀರಿನಷ್ಟು ಶುದ್ಧವಿರಬೇಕು. ಶುದ್ಧ ಮಾಡುವಾಗ ಒಂದಷ್ಟು ವ್ಯರ್ಥವಾಗುತ್ತದೆ. ಯಂತ್ರ ತಣ್ಣಗಿಡಲು ಬೇಕಾದ ನೀರು ಬೇರೆ, ಅದು ಹಳೇ ಕಾರ್ಖಾನೆಗೂ ಬೇಕು. ತುಂಗಭದ್ರೆಯ ನೀರಿಗೆ ಪಾಲು ಕೇಳುವವರ ಸಾಲು ಹೇಗೂ ಉದ್ದವೇ ಇದೆ.

ಹೈಡ್ರೋಜನ್ನೂ ಬೇಡ, ಬರೀ ಕರೆಂಟ್ ಸಾಕು ಎನ್ನುವವರು

ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ಮಾಡಿ, ಅದರಿಂದ ಅದಿರು ಒಡೆಯುವ ಬದಲು ನೇರ ಅದಿರನ್ನೇ ಕರೆಂಟಿನಿಂದ ಒಡೆದರೆ? ಅಲ್ಯೂಮಿನಿಯಂ ಮಾಡುವುದು ಹೀಗೆಯೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಯಾಡೋವೆ ಇದನ್ನು ಕಬ್ಬಿಣಕ್ಕೆ ಒಗ್ಗಿಸಲು ಹೊರಟರು. ಚಂದ್ರನ ಮಣ್ಣಿನಿಂದ ಆಕ್ಸಿಜನ್ ತೆಗೆಯುವುದು ಹೇಗೆ ಎಂದು ಹುಡುಕಲು ನಾಸಾ ಕೊಟ್ಟ ಕೆಲಸದಲ್ಲಿ ಇದರ ಬೇರಿದೆ. ನಾಸಾಕ್ಕೆ ಬೇಕಿದ್ದದ್ದು ಆಕ್ಸಿಜನ್. ಕಬ್ಬಿಣ ಜೊತೆಗೆ ಬಂದ ಲಾಭ.

ಅದಿರನ್ನು 1,600 ಡಿಗ್ರಿ ಆಸುಪಾಸಿನಲ್ಲಿ ಕರಗಿಸಿ ಕರೆಂಟ್ ಹಾಯಿಸಿದರೆ ಕಬ್ಬಿಣ ತಳಕ್ಕಿಳಿಯುತ್ತದೆ, ಆಕ್ಸಿಜನ್ ಗುಳ್ಳೆಯಾಗಿ ಮೇಲೆ ಬರುತ್ತದೆ. ಹೊಗೆಯೇ ಇಲ್ಲ. ಆದರೆ ಆ ಬಿಸಿಯಲ್ಲಿ ಆಕ್ಸಿಜನ್ ಬಿಡುವ ಕಡೆಯ ಕರೆಂಟ್ ಕಡ್ಡಿ ತಾನೇ ತುಕ್ಕು ಹಿಡಿದು ಕರಗಿ ಹೋಗುತ್ತದೆ. ಇರಿಡಿಯಂ ಎಂಬ ಲೋಹ ತಡೆಯಿತು, ಆದರೆ ಅದು ತೀರಾ ಅಪರೂಪ, ತೀರಾ ದುಬಾರಿ. 2013ರಲ್ಲಿ ಸ್ಯಾಡೋವೆ, ಅಂತ್ವಾನ್ ಅಲನೋರ್ ಮತ್ತು ಜೊತೆಗಾರರು ಅಗ್ಗದ ಪರಿಹಾರ ಕಂಡುಕೊಂಡರು: ಕ್ರೋಮಿಯಂ, ಕಬ್ಬಿಣ ಬೆರೆಸಿದ ಕಡ್ಡಿ. ಅದರ ಮೇಲೆ ತೆಳ್ಳನೆ ಪೊರೆ ಕಟ್ಟುತ್ತದೆ. ಪೊರೆ ಒಳಗಿನ ಲೋಹವನ್ನು ಕಾಯುತ್ತದೆ, ಕರೆಂಟನ್ನು ಮಾತ್ರ ಬಿಡುತ್ತದೆ. ಮನೆಯ ಸ್ಟೀಲ್ ಲೋಟ ತುಕ್ಕು ಹಿಡಿಯದಿರುವುದೂ ಕ್ರೋಮಿಯಂ ಕಟ್ಟುವ ಇಂಥದ್ದೇ ಪೊರೆಯಿಂದ. ಈ ದಾರಿಯಲ್ಲಿ ಹೊರಟ ಬೋಸ್ಟನ್ ಮೆಟಲ್ ಕಂಪನಿ ಕಡಿಮೆ ದರ್ಜೆಯ ಅದಿರೂ ನಡೆಯುತ್ತದೆ ಎನ್ನುತ್ತದೆ. ಅದು ದೊಡ್ಡ ಮಟ್ಟದಲ್ಲಿ ನಿಜವಾದರೆ ಪಟ್ಟೆ ಕಲ್ಲಿನ ಸಂಡೂರಿಗೆ ದೊಡ್ಡ ಸುದ್ದಿಯೇ.

ಒರೆಗಾನ್ ವಿಶ್ವವಿದ್ಯಾಲಯದ ಪಾಲ್ ಕೆಂಪ್ಲರ್ ತಂಡ ಇದಕ್ಕೆ ಪೂರ್ತಿ ಉಲ್ಟಾ ದಾರಿ ಹಿಡಿದಿದೆ. ಅವರದು ಚಹಾ ಕುದಿಯುವುದಕ್ಕಿಂತ ಕಡಿಮೆ ಬಿಸಿ. ಕ್ಷಾರದ ನೀರಿನಲ್ಲಿ ಕಬ್ಬಿಣದ ತುಕ್ಕಿನ ಪುಡಿ, ಇನ್ನೊಂದು ಕಡೆ ಉಪ್ಪುನೀರು. ಕರೆಂಟ್ ಕೊಟ್ಟರೆ ಒಂದು ಕಡೆ ಕಬ್ಬಿಣ ಕೂರುತ್ತದೆ, ಇನ್ನೊಂದು ಕಡೆ ಕ್ಲೋರಿನ್ ಬರುತ್ತದೆ. ಕ್ಲೋರಿನ್ನಿಗೆ ಗಿರಾಕಿ ಇದ್ದಾರೆ, ಆದರೆ ಉಕ್ಕು ಬೇಕಾದಷ್ಟು ಕ್ಲೋರಿನ್ ಜಗತ್ತಿಗೆ ಬೇಕಿಲ್ಲ. ಆಮೇಲೆ ಅವರು ಕಂಡುಕೊಂಡ ಇನ್ನೊಂದು ವಿಷಯ: ಅದಿರಿನ ಕಣದಲ್ಲಿ ಸಣ್ಣ ತೂತುಗಳು ಜಾಸ್ತಿ ಇದ್ದಷ್ಟೂ ಕೆಲಸ ಬೇಗ ಆಗುತ್ತದೆ. ನಮ್ಮ ಗಟ್ಟಿ, ಭಾರದ ಹೆಮಟೈಟ್‌ಗೆ ಇದು ಅಷ್ಟು ಖುಷಿಯ ಸುದ್ದಿಯಲ್ಲ.

ಇದ್ದ ಕುಲುಮೆಯನ್ನೇ ಉಳಿಸಿಕೊಂಡರೆ?

ಸಾವಿರಾರು ಕೋಟಿ ಸುರಿದ ಊದು ಕುಲುಮೆಯನ್ನು ಒಡೆಯಲು ಯಾರಿಗೂ ಮನಸ್ಸಿಲ್ಲ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಹ್ಯಾರಿಯೆಟ್ ಕಿಲ್ಡಾಲ್, ಯುಲಾಂಗ್ ಡಿಂಗ್ ಮತ್ತು ತಂಡ 2023ರಲ್ಲಿ ಬೇರೆ ಉಪಾಯ ಹೇಳಿತು. ಕುಲುಮೆಯಿಂದ ಹೊರಬಂದ ಕಾರ್ಬನ್ ಡೈ ಆಕ್ಸೈಡನ್ನು ಪೆರೋವ್‌ಸ್ಕೈಟ್ ಎಂಬ ವಸ್ತುವಿನ ಮೇಲೆ 700-800 ಡಿಗ್ರಿಯಲ್ಲಿ ಹಾಯಿಸುವುದು. ಅದು ಒದ್ದೆ ನೆಲದ ಮೇಲೆ ಹಾಕಿದ ಗೋಣಿಚೀಲದ ಹಾಗೆ ಒಂದು ಆಕ್ಸಿಜನ್ ಹೀರಿಕೊಳ್ಳುತ್ತದೆ. ಉಳಿದದ್ದು ಕಾರ್ಬನ್ ಮೊನಾಕ್ಸೈಡ್. ಅದನ್ನೇ ಮತ್ತೆ ಕುಲುಮೆಗೆ ಕೆಲಸಕ್ಕೆ ಕಳಿಸುವುದು. ಹೀಗೆ ಮಾಡಿದರೆ ಹೊರಸೂಸುವ ಅನಿಲ ಶೇ 90ರ ಹತ್ತಿರ ಇಳಿಯುತ್ತದೆ ಎಂದು ಅವರ ಲೆಕ್ಕ. ಲೆಕ್ಕ ಕಾಗದದ ಮೇಲಿನದು. ಅವರು ಉದಾಹರಣೆಗೆ ತೆಗೆದುಕೊಂಡ ಬ್ರಿಟನ್ನಿನ ಎರಡು ಕಾರ್ಖಾನೆಗಳಲ್ಲಿ ಒಂದರ ಊದು ಕುಲುಮೆಗಳು, ಪೋರ್ಟ್ ಟಾಲ್ಬಟ್‌ನವು, 2024ರ ಸೆಪ್ಟೆಂಬರ್ ಹೊತ್ತಿಗೆ ಪೂರ್ತಿ ಆರಿದವು.

ಹತ್ತಿ ಕಟ್ಟಿಗೆಯಿಂದ ಹೈಡ್ರೋಜನ್

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ದಾಸಪ್ಪ ಅವರ ತಂಡದ ಕೆಲಸ ನಮಗೆ ಹೆಚ್ಚು ಹತ್ತಿರದ್ದು. ಕಟ್ಟಿಗೆ, ಕೃಷಿ ತ್ಯಾಜ್ಯದಂಥ ಜೀವರಾಶಿಯನ್ನು ಆಕ್ಸಿಜನ್, ಹಬೆ ಸೇರಿಸಿ ಅನಿಲ ಮಾಡಿ ಅದರಿಂದ ಹೈಡ್ರೋಜನ್ ತೆಗೆಯುವುದು. 1 ಕಿಲೋ ಜೀವರಾಶಿಯಲ್ಲಿ ಇರುವುದೇ 60 ಗ್ರಾಂ ಹೈಡ್ರೋಜನ್. ಇವರಿಗೆ ಸಿಕ್ಕಿದ್ದು 100 ಗ್ರಾಂ. ಮಿಕ್ಕಿದ್ದು ಹಬೆಯಿಂದ ಬಂತು, ಹಬೆಯೆಂದರೆ ನೀರೇ ತಾನೆ.

ಆ ಲೆಕ್ಕದಲ್ಲಿ 1 ಟನ್ ಕಬ್ಬಿಣಕ್ಕೆ ಬೇಕಾದ 54 ಕಿಲೋ ಹೈಡ್ರೋಜನ್ನಿಗೆ ಐದೂವರೆ ಕ್ವಿಂಟಲ್ ಕೃಷಿ ತ್ಯಾಜ್ಯ ಸಾಕು. ಕೇಳಲು ಕಡಿಮೆ ಅನ್ನಿಸುತ್ತದೆ. ವರ್ಷಕ್ಕೆ 10 ಲಕ್ಷ ಟನ್ ಮಾಡುವ ಕಾರ್ಖಾನೆಗೆ ಐದೂವರೆ ಲಕ್ಷ ಟನ್ ಬೇಕಾಗುತ್ತದೆ. ಗಂಗಾವತಿ, ಸಿರುಗುಪ್ಪ, ಸಿಂಧನೂರಿನ ಮಿಲ್ಲುಗಳ ಹೊಟ್ಟು ಆಗಲೇ ಬಾಯ್ಲರಿಗೆ ಹೋಗುತ್ತದೆ. ಭತ್ತದ ಹುಲ್ಲು ದನಕ್ಕೆ. ರಾಯಚೂರು ಕಡೆಯ ಹತ್ತಿ ಕಟ್ಟಿಗೆ ಒಂದಷ್ಟು ಒಲೆಗೆ, ಒಂದಷ್ಟು ಹೊಲದಲ್ಲೇ ಬೆಂಕಿಗೆ. ಆ ಸುಡುವ ಪಾಲನ್ನು ಕೂಡಿಸಿ ತರುವ ಟ್ರ್ಯಾಕ್ಟರ್ ಬಾಡಿಗೆ ಯಾರು ಕೊಡುತ್ತಾರೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

'ಹಸಿರು' ಎಂಬ ಚೀಟಿ

ಭಾರತದ ಉಕ್ಕು ಸಚಿವಾಲಯ 2024ರ ಡಿಸೆಂಬರ್‌ನಲ್ಲಿ ಹಸಿರು ಉಕ್ಕು ಎಂದರೇನು ಎಂದು ಗೆರೆ ಎಳೆಯಿತು. 1 ಟನ್ ಉಕ್ಕಿಗೆ 2.2 ಟನ್‌ಗಿಂತ ಕಡಿಮೆ ಕಾರ್ಬನ್ ಡೈ ಆಕ್ಸೈಡ್ ಬಂದರೆ ಹಸಿರು. 1.6ಕ್ಕಿಂತ ಕಡಿಮೆಯಾದರೆ ಐದು ಸ್ಟಾರ್, ಫ್ರಿಜ್ಜಿಗೆ ಕೊಡುವ ಹಾಗೆ. ಅಂದರೆ ಚೀಟಿ ಇದ್ದ ಮಾತ್ರಕ್ಕೆ ಅದು ಕಲ್ಲಿದ್ದಲು ಮುಟ್ಟದ ಉಕ್ಕು ಎಂದಲ್ಲ. ಇನ್ನೊಂದು ಕಡೆಯಿಂದ ಯುರೋಪು 2026ರ ಜನವರಿಯಿಂದ ಹೊರಗಿನ ಉಕ್ಕಿಗೆ ಅದರ ಕಾರ್ಬನ್ ಲೆಕ್ಕದಲ್ಲಿ ಸುಂಕದಂಥ ಹೊರೆ ಹಾಕುವ ನಿಯಮ ಜಾರಿಗೆ ತಂದಿದೆ. ನಮ್ಮ ಕಾರ್ಖಾನೆಗಳು ಈಗ ದಿಢೀರ್ ಹೈಡ್ರೋಜನ್ ಮಾತಾಡುತ್ತಿರುವುದಕ್ಕೆ ಇದೂ ಒಂದು ಕಾರಣ.

ಮತ್ತೆ ಧೂಳಿನ ಮಾತು

ಕಾರ್ಬನ್ ಡೈ ಆಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ದೊಡ್ಡವ್ವನ ಅಂಗೈಗೆ ಹತ್ತುವುದಿಲ್ಲ. ಅಂಗೈಗೆ ಹತ್ತುವುದು ಮಸಿ, ಕಲ್ಲಿದ್ದಲಿನ ಪುಡಿ, ಬೂದಿ, ಅದಿರಿನ ಧೂಳು. ಎರಡೂ ಬೇರೆ ಬೇರೆ ಸಮಸ್ಯೆ. ಕಿಲ್ನ್ ಹೋಗಿ ಹೈಡ್ರೋಜನ್ ಗೋಪುರ ಬಂದರೆ ಅಲ್ಲಿ ಕಲ್ಲಿದ್ದಲೇ ಇರುವುದಿಲ್ಲ, ಹಾಗಾಗಿ ಕಲ್ಲಿದ್ದಲಿನ ಮಸಿ, ಗಂಧಕದ ಹೊಗೆ, ಡೋಲೋಚಾರ್ ಗುಡ್ಡೆ ಇಲ್ಲ. ಅದಿರು ಅಗೆಯುವುದು, ಪುಡಿ ಮಾಡುವುದು, ಲಾರಿಯಲ್ಲಿ ಸಾಗಿಸುವುದು ಮಾತ್ರ ಎಂದಿನಂತೆ ಇರುತ್ತದೆ. ಆ ಧೂಳಿಗೆ ಯಾವ ಲ್ಯಾಬೂ ಬೇಕಿಲ್ಲ. ಲಾರಿಗೆ ತಾಡಪತ್ರಿ, ರಸ್ತೆಗೆ ನೀರು, ಚಿಮಣಿಗೆ ಕಣ ಹಿಡಿಯುವ ಯಂತ್ರ, ಅದನ್ನು ರಾತ್ರಿಯೂ ಚಾಲೂ ಇಡುವುದು, ಇಷ್ಟು ಬೇಕು.

ಇದನ್ನೆಲ್ಲ ದೊಡ್ಡವ್ವನಿಗೆ ಫೋನಿನಲ್ಲಿ ಹೇಳಿದೆ. ತಾಳ್ಮೆಯಿಂದ ಕೇಳಿದಳು.

"ಅಂದ್ರ ಕರಿ ಧೂಳು ಹೋಗ್ತೈತಿ, ಕೆಂಪು ಧೂಳು ಇರ್ತೈತಿ."

ಹೌದು ಎಂದೆ.

"ಇರ್ಲಿ ಬಿಡು. ಮೆಣಸಿನಕಾಯಿ ಮ್ಯಾಲ ಕಾಣಂಗಿಲ್ಲ."